ಕಡಲಿಂದ ಬಂದ ಕರಡಿಗೆ

ಡಬ್ಬಿಯಿಂದ ಯಾವ ವಾಸನೆಯೂ ಬರುತ್ತಿರಲಿಲ್ಲ. ಆದರೂ ಬೆಳಗಿನಿಂದ ಸೋಮಶೇಖರನಿಗೆ ಮೂಗು ಮುಚ್ಚಿಕೊಳ್ಳಬೇಕು ಅನಿಸುತ್ತಿತ್ತು. ತಿ. ನರಸೀಪುರದ ಬಸ್ ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿ ಮೂವತ್ತು ವರ್ಷ ಯೂರಿಯಾ, ಹುಳದ ಔಷಧಿ ಮಾರಿಕೊಂಡು ಬದುಕಿದ ಮೂಗಿಗೆ ಈಗ ಇಷ್ಟೊಂದು ನಾಜೂಕು ಎಲ್ಲಿಂದ ಬಂತು ಎಂದು ತನ್ನನ್ನೇ ಹಂಗಿಸಿಕೊಂಡ. ಕೌಂಟರಿನ ಮೇಲೆ, ಭತ್ತದ ಬೀಜದ ಪೊಟ್ಟಣಗಳ ಪಕ್ಕದಲ್ಲಿ, ಹಳದಿ ರೇಷ್ಮೆ ಬಟ್ಟೆಯ ಮೇಲೆ ಅದು ಕೂತಿತ್ತು. ನಿಂಬೆಹಣ್ಣಿನ ಗಾತ್ರದ ಬೆಳ್ಳಿ ಕರಡಿಗೆ. ಒಳಗೆ ಇಷ್ಟಲಿಂಗ ಇಟ್ಟು ಶಿವದಾರ ಪೋಣಿಸಿ ಕೊರಳಿಗೆ ಹಾಕಿಕೊಳ್ಳುವಂಥದ್ದು. ನೂರು ವರ್ಷ ಸಮುದ್ರದ ತಳದಲ್ಲಿ ಬಿದ್ದು ಇದ್ದಲಿನ ಹಾಗೆ ಕಪ್ಪಾಗಿತ್ತು. ಮುಚ್ಚಳದ ಒಳಗೆ ಅಕ್ಕಸಾಲಿ ಕೊರೆದ ಅಕ್ಷರ ಮಾತ್ರ ಇನ್ನೂ ಓದುವ ಹಾಗಿತ್ತು: ಹೆಮ್ಮಿಗೆ ಚಿಕ್ಕಬಸಪ್ಪ. ಬೀಜ ಕೊಳ್ಳಲು ಬಂದವರು ಚಪ್ಪಲಿ ಬಿಟ್ಟು ಒಳಗೆ ಬಂದು, ಅದನ್ನು ಕಣ್ಣಿಗೊತ್ತಿಕೊಂಡು, ಹಾಗೇ ಮೊಬೈಲಿನಲ್ಲಿ ಫೋಟೋ ಹೊಡೆದುಕೊಂಡು, ಆಮೇಲೆ ‘ಡಿಎಪಿ ಬಂದಿದೆಯಾ ಸಾ’ ಎಂದು ಕೇಳುತ್ತಿದ್ದರು. ಒಬ್ಬಳು ಮುದುಕಿ ಕೌಂಟರಿಗೆ ಹಣೆ ಹಚ್ಚಿ ಅತ್ತೇಬಿಟ್ಟಳು. ಅವಳ ಹಣೆಯ ವಿಭೂತಿ ಬಿಲ್ ಪುಸ್ತಕಕ್ಕೆ ಮೆತ್ತಿಕೊಂಡಿತು. ಸೋಮಶೇಖರ ಆ ಹಾಳೆಯನ್ನು ಹರಿದು ಬುಟ್ಟಿಗೆ ಹಾಕಿದ, ಹಾಕಿದ್ದಕ್ಕೆ ಅವನಿಗೇ ಹೇಸಿಗೆಯಾಯಿತು.

ಇದನ್ನೆಲ್ಲ ಮಾಡಿದವನು ಮದನ್, ಅವನ ತಮ್ಮನ ಮಗ. ಹುಡುಗನಿಗೆ ಮುಂದಿನ ವರ್ಷ ಪಂಚಾಯ್ತಿಗೆ ನಿಲ್ಲುವ ಆಸೆ. ಯಾವುದೋ ದೇಶದ ಮುಳುಗುಗಾರರು ಮೆಡಿಟರೇನಿಯನ್ ಸಮುದ್ರದ ತಳದಲ್ಲಿ ‘ಆರ್ಡೆಲಿಯಾ’ ಎಂಬ ಹಡಗಿನ ಅಸ್ಥಿಪಂಜರವನ್ನು ಕಂಡುಹಿಡಿದಿದ್ದರು. ಮೊದಲನೇ ಮಹಾಯುದ್ಧದಲ್ಲಿ ಕುದುರೆಗಳನ್ನೂ ಕುದುರೆ ನೋಡಿಕೊಳ್ಳುವ ಆಳುಗಳನ್ನೂ ಸಾಗಿಸುತ್ತಿದ್ದ ಹಡಗು. ೧೯೧೭ರಲ್ಲಿ ಜರ್ಮನಿಯ ಸಬ್‌ಮೆರಿನ್ ಹೊಡೆದು ಮುಳುಗಿಸಿತ್ತು. ಅಲ್ಲಿ ಸಿಕ್ಕ ಸಾಮಾನಿನ ಫೋಟೋಗಳಲ್ಲಿ ಕನ್ನಡ ಅಕ್ಷರ ಕಂಡ ಯಾರೋ ಅದನ್ನು ವಾಟ್ಸಾಪಿಗೆ ಹಾಕಿದರು. ಅದು ಮದನನ ಕಣ್ಣಿಗೆ ಬಿತ್ತು. ಅಲ್ಲಿಂದ ಎರಡು ವರ್ಷ ಪತ್ರ ಬರೆದೂ ಬರೆದೂ ಕೊನೆಗೆ ಮೊನ್ನೆ ಬೆಂಗಳೂರಿಗೆ ಹೋಗಿ ಸಹಿ ಹಾಕಿ ತಂದೇಬಿಟ್ಟ. ನಾಳೆ ಬೆಳಿಗ್ಗೆ ಹೆಮ್ಮಿಗೆಯಲ್ಲಿ ಸಮಾರಂಭ. ನೂರು ವರ್ಷದಿಂದ ಹೊಲದ ಅಂಚಿನಲ್ಲಿರುವ ಚಿಕ್ಕಬಸಪ್ಪನ ಖಾಲಿ ಗದ್ದುಗೆಯಲ್ಲಿ ಲಿಂಗವನ್ನು ಇಟ್ಟು ಸಮಾಧಿ ಪೂರ್ತಿ ಮಾಡುವುದು, ಸ್ವಾಮಿಗಳಿಂದ ಆಶೀರ್ವಚನ, ವಂಶದ ಹಿರಿಯ ಸೋಮಶೇಖರನಿಗೆ ಶಾಲು. ‘ಕಡಲಲ್ಲಿ ಲಿಂಗೈಕ್ಯರಾದ ವೀರಯೋಧ’ ಎಂದು ಬರೆದ ಫ್ಲೆಕ್ಸು ಕಪಿಲೆ ಸೇತುವೆಯಿಂದ ತಾಲ್ಲೂಕು ಆಫೀಸಿನವರೆಗೆ ನೇತಾಡುತ್ತಿತ್ತು. ಚಿಕ್ಕಬಸಪ್ಪನ ಫೋಟೋ ಎಲ್ಲೂ ಇರಲಿಲ್ಲವಾದ್ದರಿಂದ ಮದನ್ ಯಾವನೋ ಮೀಸೆಯವನ ಚಿತ್ರ ಹಾಕಿಸಿದ್ದ, ಕೆಳಗೆ ತನ್ನದು, ಕೈಮುಗಿದದ್ದು. ‘ದೊಡ್ಡಪ್ಪ, ನಾಳೆ ನೀವು ಎರಡು ಮಾತಾಡ್ಬೇಕು. ಜಾಸ್ತಿ ಬೇಡ. ಅವರು ಹಡಗಿಗೆ ಹೋಗಿದ್ದು, ಮುಳುಗಿದ್ದು, ಅಷ್ಟೇ ಹೇಳಿ ಸಾಕು’ ಎಂದಿದ್ದ. ಅಷ್ಟೇ ಸಾಕು. ಹೋಗಿದ್ದು, ಮುಳುಗಿದ್ದು. ಸೋಮಶೇಖರ ತಲೆಯಾಡಿಸಿದ್ದ.

ಮುಳುಗಿರಲಿಲ್ಲ ಎಂಬುದು ಅವನಿಗೆ ಗೊತ್ತಿತ್ತು. ಅಜ್ಜಿ ಚನ್ನಾಜಮ್ಮ ಸಾಯುವ ವಾರ, ಬಾಯಿಗೆ ಗಂಜಿ ಹಾಕುತ್ತಿದ್ದವನ ಮಣಿಕಟ್ಟು ಹಿಡಿದುಕೊಂಡು ಹೇಳಿದ್ದಳು. ಅರ್ಧ ಗಂಜಿ ಗಲ್ಲದ ಮೇಲೆ ಸುರಿಯುತ್ತಿತ್ತು, ಅವಳು ಒರೆಸಲು ಬಿಡಲಿಲ್ಲ. ‘ಬಂದಿದ್ದ ಕಣ್ಲಾ ಮಗ. ಮುಳುಗೋನೊಬ್ಬ ಶಿವದಾರ ಹಿಡ್ಕಂಡು ಕೆಳಕ್ಕೆ ಎಳುದ್ನಂತೆ. ದಾರವ ಕಿತ್ತು ಅವ್ನ ಕೈಗೇ ಬುಟ್ಟು ಹುಲ್ಲಿನ ಪಿಂಡಿ ತಬ್ಬಿಕೊಂಡು ತೇಲುದ್ನಂತೆ. ಎರಡು ವರ್ಸ ಎಲ್ಲೆಲ್ಲೋ ಆಸ್ಪತ್ರೇಲಿದ್ದು, ಮೈಸೂರಿಂದ ನಡ್ಕಂಡು ಬಂದ್ನಂತೆ.’ ಅಷ್ಟರಲ್ಲಿ ಸರ್ಕಾರದ ಕಾಗದ ಬಂದಿತ್ತು, ವಿಭೂತಿ ಗಟ್ಟಿಯನ್ನೇ ಹೆಣವೆಂದು ಕೂರಿಸಿ ಗದ್ದುಗೆ ಕಟ್ಟಿ ಆಗಿತ್ತು, ಅವನ ಹೆಂಡತಿ ಚನ್ನಬಸಮ್ಮನಿಗೆ ಅವನ ತಮ್ಮ ಮಾದಯ್ಯನ ಜೊತೆ ಉಡಿಕೆ ಮದುವೆ ಮಾಡಿ ಆಗಿತ್ತು. ಅಂದು ಬಾಗಿಲಿಗೆ ಬಂದವನು ಬಸುರಿ ಹೆಂಡತಿಯನ್ನು ನೋಡಿದ. ಹೊಸ ಲಿಂಗ ಕಟ್ಟಬಹುದು ಎಂದು ಊರಿನ ಜಂಗಮ ಅಯ್ಯನವರು ಹೇಳಿದ್ದರಂತೆ. ಒಪ್ಪದವನು ಮಾದಯ್ಯ. ಲಿಂಗ ಬಿದ್ದರೆ ಪ್ರಾಣ ಬಿಡಬೇಕು, ನೀನು ಲಿಂಗ ಬಿಟ್ಟು ಪ್ರಾಣ ಹಿಡಿದುಕೊಂಡು ಬಂದವನು, ನಮ್ಮ ಪಾಲಿಗೆ ಸತ್ತೆ ಅಂದ. ಧರ್ಮ ಅನ್ನುವುದು ಎಷ್ಟು ಹೊತ್ತಿಗೆ ಸರಿಯಾಗಿ ಕೈಗೆ ಸಿಗುತ್ತದೆ ನೋಡಿ! ಚಿಕ್ಕಬಸಪ್ಪ ಹೊರಟುಹೋಗಲಿಲ್ಲ. ಅದೇ ವಿಚಿತ್ರ. ಮನೆಯ ಹಿಂದಕ್ಕೆ ಹೋಗಿ ದನದ ಕೊಟ್ಟಿಗೆಯಲ್ಲಿ ಕೂತ. ಮೂವತ್ತೇಳು ವರ್ಷ ಅಲ್ಲೇ ಇದ್ದ. ತನ್ನದೇ ಮನೆಯ ಸಗಣಿ ಬಾಚಿದ. ಮನೆಯಲ್ಲಿ ಅವನಿಗೆ ಹೆಸರಿರಲಿಲ್ಲ, ‘ಹಿತ್ತಲವನು’ ಅನ್ನುತ್ತಿದ್ದರು. ವರ್ಷಕ್ಕೊಮ್ಮೆ ಚಿಕ್ಕಬಸಪ್ಪನ ಪುಣ್ಯತಿಥಿ ಬಂದಾಗ ಗದ್ದುಗೆಯ ಸುತ್ತ ಕಸ ಗುಡಿಸುವ ಕೆಲಸ ಅವನದೇ. ‘ನಾನೇ ಎಲೇಲಿ ಪಾಯ್ಸ ಹಾಕೊಂಡು ಹೋಗಿ ಕೊಡ್ತಿದ್ದೆ. ಅವ್ನ ತಿಥಿ ಪಾಯ್ಸವ ಅವ್ನೇ ಉಣ್ಣೋನು. ಚೆನ್ನಾಗೈತೆ ಕಣವ್ವ ಅನ್ನೋನು’ ಎಂದಳು ಆ ಮನೆಗೆ ಮಾದಯ್ಯನ ಸೊಸೆಯಾಗಿ ಬಂದಿದ್ದ ಅಜ್ಜಿ. ಅದೊಂದು ಮಾತು ಸೋಮಶೇಖರನ ಗಂಟಲಲ್ಲಿ ಇವತ್ತಿಗೂ ಮೂಳೆಯ ಹಾಗೆ ಸಿಕ್ಕಿಕೊಂಡಿದೆ. ಚೆನ್ನಾಗೈತೆ ಕಣವ್ವ.

ಹಾಗೆ ನೋಡಿದರೆ ತಾನು ಹುಟ್ಟಿದ್ದೇ ಆ ಬಾಗಿಲು ಹಾಕಿದ್ದರಿಂದ. ಮಾದಯ್ಯ, ಚನ್ನಬಸಮ್ಮನ ಹೊಟ್ಟೆಯ ಆ ಕೂಸು, ಆ ಕೂಸಿನ ಮಗ, ಅವನ ಮಗ ತಾನು. ಹಿತ್ತಲವನು ಒಳಗೆ ಬಂದಿದ್ದರೆ ಆ ಕೂಸಿನ ಗತಿ ಏನಾಗುತ್ತಿತ್ತೋ. ಕನ್ನಡಿಯಲ್ಲಿ ಗಡ್ಡ ಕೆರೆಯುವಾಗ ಈ ಯೋಚನೆ ಬಂದರೆ ಸೋಮಶೇಖರ ತನ್ನ ಕೆನ್ನೆಯನ್ನು ಯಾರದೋ ಕೆನ್ನೆಯ ಹಾಗೆ ಹಿಡಿದು ನೋಡುತ್ತಿದ್ದ. ಮಾದಯ್ಯನ ದವಡೆಯೇ ಇದು ಎಂದು ಎಲ್ಲರೂ ಹೇಳುತ್ತಿದ್ದರು. ಹಿರಿಯರು ಮಾಡಿದ ಪಾಪಕ್ಕೆ ನಾನೇಕೆ ಹೇಸಬೇಕು ಎಂದು ವಾದ ಹೂಡಿದರೆ ವಾದ ಚೆನ್ನಾಗಿಯೇ ನಡೆಯುತ್ತಿತ್ತು, ಟಾಯ್ಲೆಟ್ ಗುಂಡಿ ನೆನಪಾಗುವವರೆಗೆ.

ತೊಂಬತ್ತೊಂಬತ್ತನೇ ಇಸವಿ. ಹೆಮ್ಮಿಗೆಯ ಮನೆಯ ಹಿಂದೆ ಹಳೆಯ ಕೊಟ್ಟಿಗೆ ಕೆಡವಿ ಟಾಯ್ಲೆಟ್ ಕಟ್ಟಿಸುತ್ತಿದ್ದ. ತಿಪ್ಪೆಯ ಪಕ್ಕದಲ್ಲಿ ಗುಂಡಿ ತೋಡುತ್ತಿದ್ದ ಆಳುಗಳು ಕೂಗಿದರು. ಬಂದು ನೋಡಿದರೆ ಒಬ್ಬ ಮನುಷ್ಯ ಕೂತಿದ್ದ. ಹೌದು, ಬಿದ್ದಿರಲಿಲ್ಲ, ಕೂತಿದ್ದ, ಪದ್ಮಾಸನ ಹಾಕಿ, ಲಿಂಗವಂತರ ಹೆಣವನ್ನು ಕೂರಿಸುವ ಹಾಗೆಯೇ. ಎಡಗೈಯ ಮೂಳೆಗಳು ಎದೆಯ ಹತ್ತಿರ ಬಟ್ಟಲಿನಂತೆ ಮೇಲಕ್ಕೆ ತಿರುಗಿದ್ದವು. ಬಟ್ಟಲಲ್ಲಿ ಏನೂ ಇರಲಿಲ್ಲ, ಮಣ್ಣು. ಸೋಮಶೇಖರನಿಗೆ ನೋಡಿದ ಕೂಡಲೇ ಯಾರೆಂದು ತಿಳಿಯಿತು. ತಿಳಿದ ಕೂಡಲೇ ಬಾಯಿಂದ ಬಂದದ್ದು ‘ದನದ ಮೂಳೆ ಕಣ್ರಯ್ಯಾ, ಎತ್ತಿ ಹಾಕಿ’ ಅಂತ. ಮೂರು ಜನ ಆಳುಗಳು ಅವನ ಮುಖವನ್ನೇ ನೋಡಿದರು. ದನಕ್ಕೂ ಮನುಷ್ಯನಿಗೂ ಫರಕು ತಿಳಿಯದ ಮುಠ್ಠಾಳರೇ ಅವರು? ಮಾರನೆಯ ದಿನ ಗುಂಡಿಗೆ ಸಿಮೆಂಟಿನ ರಿಂಗು ಇಳಿಸುವ ಲಾರಿ ಬರುವುದಿತ್ತು, ಹೆಂಡತಿ ಕಡೆಯ ನೆಂಟರು ಬರುವುದಿತ್ತು, ಪೊಲೀಸು ಪಂಚನಾಮೆ ಎಂದರೆ ಊರೆಲ್ಲ ಡಂಗುರ. ಮೂಳೆಗಳನ್ನು ತಾನೇ ಆರಿಸಿ ಯೂರಿಯಾ ಚೀಲಕ್ಕೆ ತುಂಬಿದ. ಮೊಣಕಾಲಿನ ಮೂಳೆ ಚೀಲದ ಬಾಯಿಗೆ ಅಡ್ಡ ಬಂದು ಒಳಗೆ ಹೋಗಲಿಲ್ಲ, ಒತ್ತಿ ಮುರಿದ. ಆ ಲಟಕ್ ಎಂಬ ಸದ್ದು! ಸ್ಕೂಟರಿನ ಕಾಲ ಹತ್ತಿರ ಚೀಲ ಇಟ್ಟುಕೊಂಡು ನಂಜನಗೂಡಿಗೆ ಹೋದ. ಗುರುತಿನವರು ಯಾರೂ ಇರಬಾರದೆಂದು ಅಷ್ಟು ದೂರ. ಸೇತುವೆಯ ನಡುವೆ ನಿಂತು ಕಪಿಲೆಗೆ ಬಿಟ್ಟ. ಚೀಲ ಒಂದು ಗಳಿಗೆ ತೇಲಿತು, ಒಳಗಿನ ಗಾಳಿ ಗುಳುಗುಳು ಅಂತು, ಮುಳುಗಿತು. ಆಮೇಲೆ ಏನು ಮಾಡಿದ? ದೇವಸ್ಥಾನಕ್ಕೆ ಹೋದ. ಕೈ ತೊಳೆದು ತೀರ್ಥ ತೆಗೆದುಕೊಂಡ. ಆಚೆ ಬಂದು ರಸಬಾಳೆ ಕೊಂಡು ಅಲ್ಲೇ ನಿಂತು ಎರಡು ತಿಂದ. ರುಚಿಯಾಗಿತ್ತು. ಕಡಲು ಉಗುಳಿದವನನ್ನು ಹೊಳೆಗೆ ನೂಕಿ ಬಂದವನ ನಾಲಿಗೆಗೆ ಬಾಳೆಹಣ್ಣು ರುಚಿಯಾಗಿತ್ತು, ಥೂ.

‘ನಮಸ್ಕಾರ ಸಾ.’

ತಲೆಯೆತ್ತಿದರೆ ಚೆಲುವರಾಜು. ಹೆಮ್ಮಿಗೆಯವನೇ. ಅಂದು ಗುಂಡಿ ತೋಡಿದ ಮೂವರಲ್ಲಿ ಈಗ ಉಳಿದಿರುವವನು ಇವನೊಬ್ಬ. ಅಂದಿನಿಂದ ಅಂಗಡಿಗೆ ನೂರು ಸಲ ಬಂದಿದ್ದಾನೆ, ಒಂದು ಸಲವೂ ಆ ಮಾತೆತ್ತಿಲ್ಲ. ಎತ್ತಿಯಾನೆಂದು ಸೋಮಶೇಖರ ಅವನಿಗೆ ಕೊಡುವ ಬೀಜವನ್ನು ಯಾವಾಗಲೂ ಒಳ್ಳೆಯದನ್ನೇ ಆರಿಸಿ ಕೊಡುತ್ತಿದ್ದ. ಇವತ್ತು ಅವನು ಬೀಜ ಕೇಳಲಿಲ್ಲ. ಚಪ್ಪಲಿ ಹೊರಗೆ ಬಿಟ್ಟು ಬಂದು ಕರಡಿಗೆಯ ಮುಂದೆ ನಿಂತ. ಮುಟ್ಟಲಿಲ್ಲ.

‘ಇದಾ ಸಾ ಅವರ್ದು?’

‘ಹ್ಞೂಂ. ಚಿಕ್ಕಬಸಪ್ಪನವರದು. ಹಡಗಲ್ಲಿ ಹೋದ್ರಲ್ಲ, ನಮ್ಮ ಮುತ್ತಾತನ ಅಣ್ಣ.’

‘ಗೊತ್ತು ಸಾ’ ಎಂದ ಚೆಲುವರಾಜು. ಆಮೇಲೆ ಬಾಗಿಲ ಕಡೆ ನೋಡಿ ಸ್ವರ ತಗ್ಗಿಸಿದ. ‘ಅವರ್ನ ಮಣ್ಣು ಮಾಡ್ದೋಳು ನಮ್ಮಜ್ಜಿ ಪಾಪಮ್ಮನೇ ಸಾ. ನಿಮ್ಮ ಮನೇಲಿ ಆಳಾಗಿದ್ಲಲ್ಲ. ನಿಮ್ಮ ಹಿರೀಕರು ಯಾರೂ ಬರ್ನಿಲ್ಲವಂತೆ, ಎಲ್ಲಾದ್ರೂ ಮಲಗ್ಸಿ ಮುಚ್ಚಿ ಅಂದ್ರಂತೆ. ಆವಯ್ಯ ಸಾಯೋ ಮುಂಚೆ ಅಜ್ಜಿ ಕೈ ಹಿಡ್ಕಂಡು ನನ್ನ ಕೂರ್ಸವ್ವ, ಮಲಗುಸ್ಬ್ಯಾಡ ಅಂದಿತ್ತಂತೆ. ನಮ್ಮ ತಾತನೂ ಅಜ್ಜಿನೂ ಇಬ್ರೇ ಗುಣಿ ತೆಗ್ದು ಕೂರ್ಸುದ್ರು.’

ಸೋಮಶೇಖರ ಬಿಲ್ ಪುಸ್ತಕ ಮುಚ್ಚಿದ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಇಲ್ಲಿ ಇಪ್ಪತ್ತೈದು ವರ್ಷ ಹೆಗಲು ಮುಟ್ಟಿಕೊಂಡದ್ದೇ ಬಂತು, ಊರಿಗೆ ಮೊದಲೇ ಗೊತ್ತಿತ್ತು. ಗೊತ್ತಿದ್ದೂ ಮರ್ಯಾದೆಗೆ ಸುಮ್ಮನಿದ್ದರು. ಇವರ ಮರ್ಯಾದೆಯ ಭಿಕ್ಷೆಯಲ್ಲಿ ತಾನು ಗೌಡಿಕೆ ಮಾಡಿಕೊಂಡಿದ್ದೆ ಎಂದುಕೊಂಡಾಗ ಅವನಿಗೆ ಚೆಲುವರಾಜುವಿನ ಮೇಲೇ ಸಿಟ್ಟು ಬಂತು. ಅವನ ಸವೆದ ಷರಟಿನ ಕಾಲರು, ಕಿವಿಯ ಕೂದಲು, ಬೀಡಿಯ ವಾಸನೆ ಎಲ್ಲವೂ ಹೇಸಿಗೆ ಅನಿಸಿತು.

‘ಅಜ್ಜಿ ವರ್ಸವರ್ಸ ಆ ತಾವ ಒಂದು ದೀಪ ಹಚ್ಚೋಳು ಸಾ’ ಚೆಲುವರಾಜು ಹೇಳುತ್ತಲೇ ಇದ್ದ. ‘ಗುಂಡಿ ತೋಡಿದ ದಿನ ನಾನೇ ಬಂದು ಯೋಳ್ದೆ. ಎಲ್ಲಿಗೆ ತಕೊಂಡೋದ್ರು, ಎಲ್ಲಿ ಇಟ್ರು ಅಂತ ಸಾಯೋಗಂಟ ಕೇಳ್ತು. ಅವ್ರು ಸರ್ಯಾಗೇ ಮಣ್ಣು ಮಾಡ್ಸವ್ರೆ ಕಣಜ್ಜಿ ಅಂತ ಸುಳ್ಳು ಯೋಳ್ಬುಟ್ಟೆ. ನಂಗೇ ಗೊತ್ತಿರ್ನಿಲ್ಲ. ನಿಮ್ನ ಕೇಳಾಕೆ ನಾಚ್ಕೆ. ಈಗ ಲಿಂಗ ಬಂತಲ್ಲ, ಅದ್ಕೇ ಬಂದೆ. ಎಲ್ಲಿ ಸಾ ಇಟ್ಟಿರಿ?’

ಹೇಳಬಹುದಿತ್ತು. ಇಬ್ಬರೇ ಇದ್ದರು, ಬೀದಿಯಲ್ಲಿ ಬಿಸಿಲು ಬಿಟ್ಟರೆ ಯಾರೂ ಇರಲಿಲ್ಲ. ಹೇಳಿದ್ದರೆ ಚೆಲುವರಾಜು ಉಗಿಯುವವನೂ ಅಲ್ಲ, ಹೆಚ್ಚೆಂದರೆ ಸುಮ್ಮನೆ ಹೊರಟುಹೋಗುತ್ತಿದ್ದ. ಸೋಮಶೇಖರ ಬಾಯಿ ತೆರೆದ. ಆ ಬಾಯಿ, ಮಾದಯ್ಯನ ದವಡೆಯ ಬಾಯಿ, ತನ್ನ ಪಾಡಿಗೆ ತಾನು ಮಾತಾಡಿತು.

‘ಗದ್ದುಗೇಲೇ ಇಟ್ಟಿದ್ದೀನಿ ಕಣೋ. ಅವರದೇ ಗದ್ದುಗೆ ಅಲ್ವಾ. ಅಯ್ಯನವರನ್ನ ಕರ್ಕೊಂಡು ಹೋಗಿ, ಯಾರಿಗೂ ಗೊತ್ತಾಗದ ಹಾಗೆ, ಶಾಸ್ತ್ರವಾಗಿ ಇಟ್ಟೆ.’

ಚೆಲುವರಾಜು ಒಂದು ಗಳಿಗೆ ಮಿಕಮಿಕ ನೋಡಿದ. ಆಮೇಲೆ ಅವನ ಮುಖ ಅರಳಿದ್ದನ್ನು ಸೋಮಶೇಖರ ನೋಡಬೇಕಾಯಿತು. ‘ಅಂಗಾದ್ರೆ ನಾಳೆ ಅವರ ಲಿಂಗ ಅವರ ಕೈಗೇ ಓಯ್ತದೆ ಅನ್ನಿ! ಅಯ್ಯೋ ಶಿವನೇ!’ ಎನ್ನುತ್ತ, ಬೇಡ ಬೇಡ ಎಂದರೂ ಕೇಳದೆ, ಅರವತ್ತು ವರ್ಷದ ಆ ಮನುಷ್ಯ ಕೌಂಟರಿನ ಸಂದಿಯಲ್ಲಿ ನುಸುಳಿ ಬಂದು ಸೋಮಶೇಖರನ ಕಾಲು ಮುಟ್ಟಿದ. ‘ದೊಡ್ಡ ಮನಸು ಸಾ ನಿಮ್ದು. ನಮ್ಮಜ್ಜಿಗೆ ನಾನು ಸುಳ್ಳು ಯೋಳ್ನಿಲ್ಲ ಅಂದಂಗಾಯ್ತು.’ ಅವನ ಬೆರಳು ತಣ್ಣಗಿದ್ದವು. ಸೋಮಶೇಖರನಿಗೆ ಹಿಂದೆ ಸರಿಯಲು ಜಾಗವಿರಲಿಲ್ಲ, ಬೆನ್ನಿಗೆ ಗೊಬ್ಬರದ ಚೀಲ ಒತ್ತುತ್ತಿತ್ತು.

ಅವನು ಹೋದ ಮೇಲೆ ಸೋಮಶೇಖರ ಬಿಂದಿಗೆಯಿಂದ ನೀರು ಬಗ್ಗಿಸಿಕೊಂಡು ಬಾಯಿಯವರೆಗೆ ತಂದು ಹಾಗೇ ಚೆಲ್ಲಿದ. ನಲ್ಲಿಯಲ್ಲಿ ಬರುವುದು ಕಪಿಲೆಯ ನೀರು. ಇಪ್ಪತ್ತೈದು ವರ್ಷದಿಂದ ಕುಡಿಯುತ್ತಿರುವ ನೀರು. ಆಮೇಲೆ ನಿಧಾನವಾಗಿ, ಬಿಲ್ಲು ಬರೆಯುತ್ತ ಬರೆಯುತ್ತ, ನಾಳೆ ಗದ್ದುಗೆಯನ್ನು ತೆರೆಯುತ್ತಾರೆ ಎಂಬುದು ತಲೆಗೆ ಹೊಳೆಯಿತು. ಮದನನಿಗೆ ಫೋನು ಮಾಡಿದ. ‘ಇಲ್ಲ ದೊಡ್ಡಪ್ಪ, ಪೂರ್ತಿ ಎಲ್ಲಿ ತೆಗೀತೀವಿ? ಮೇಲೆ ಒಂದು ಸಣ್ಣ ಗೂಡು ಕೊರೆದು ಇಡೋದು, ಸಿಮೆಂಟ್ ಹಾಕೋದು’ ಎಂದ ಮದನ್. ಸೋಮಶೇಖರನಿಗೆ ಎಷ್ಟು ಹಾಯೆನಿಸಿತು ಎಂದರೆ ಹಾಯೆನಿಸಿದ್ದಕ್ಕೇ ಮತ್ತೆ ಹೇಸಿಗೆಯಾಯಿತು. ಹೇಗೂ ಸಣ್ಣ ಗೂಡು. ಚೆಲುವರಾಜು ಅಲ್ಲಿ ದೀಪ ಹಚ್ಚಿಕೊಳ್ಳಲಿ, ಸಮಾಧಾನ ಅವನಿಗೂ ಆಯಿತು, ನನಗೂ ಆಯಿತು. ಕಲ್ಲಿಗೆ ಕೈಮುಗಿದರೂ ಭಕ್ತಿ ಭಕ್ತಿಯೇ ತಾನೆ. ಎಂಥ ತರ್ಕ! ಇಂಥದೇ ತರ್ಕದಿಂದ ಮಾದಯ್ಯ ಅಣ್ಣನ ತಿಥಿಗೆ ಪಾಯಸ ಮಾಡಿಸಿರಬೇಕು.

ಬೆಳಿಗ್ಗೆ ಹೆಮ್ಮಿಗೆಯ ಹೊಲದಂಚಿನಲ್ಲಿ ಶಾಮಿಯಾನ, ಕುರ್ಚಿ, ಉಪ್ಪಿಟ್ಟು, ಕೇಸರಿಬಾತಿನ ಘಮ. ಮೈಕಿನಲ್ಲಿ ಒಬ್ಬ ಹಡಗು ಮುಳುಗಿದ ಕಥೆ ಹೇಳುತ್ತಿದ್ದ. ನೂರಾರು ಕುದುರೆಗಳು ಕೆಳಗಿನ ಅಂತಸ್ತಿನಲ್ಲಿ ಕಟ್ಟಿಹಾಕಿದಲ್ಲೇ ಕೂಗಿಕೊಂಡು ಸತ್ತವು, ಚಿಕ್ಕಬಸಪ್ಪನವರು ಒಂದೊಂದೇ ಹಗ್ಗ ಬಿಚ್ಚುತ್ತ ಕುದುರೆಗಳ ಜೊತೆ ಜಲಸಮಾಧಿಯಾದರು ಎಂದ. ಹಗ್ಗ ಬಿಚ್ಚಿದ್ದು ಎಲ್ಲಿಂದ ಬಂತೋ. ಹೆಂಗಸರು ಕಣ್ಣೊರೆಸಿಕೊಂಡರು. ಸ್ವಾಮಿಗಳು ಸೋಮಶೇಖರನಿಗೆ ಶಾಲು ಹೊದಿಸಿದರು. ನುಸಿ ಗುಳಿಗೆಯ ವಾಸನೆ. ಎರಡು ಮಾತಾಡಿ ಎಂದಾಗ ಎದ್ದು ನಿಂತ. ಮುಂದಿನ ಸಾಲಿನಾಚೆ ನೆಲದ ಮೇಲೆ ಚೆಲುವರಾಜು ಹಣತೆ ಹಿಡಿದು ಕೂತಿದ್ದ, ಒಗೆದ ಪಂಚೆ, ಹೊಸ ಟವಲ್. ‘ಹೋಗಿದ್ದರು, ಮುಳುಗಿದರು’ ಎಂದ ಸೋಮಶೇಖರ. ಚಪ್ಪಾಳೆ ಬಿತ್ತು.

ಗದ್ದುಗೆಯ ಹತ್ತಿರ ಹೋದಾಗ ಸ್ವಾಮಿಗಳು ಸಣ್ಣ ಗೂಡನ್ನು ಒಪ್ಪಲಿಲ್ಲ. ಲಿಂಗವನ್ನು ಐಕ್ಯವಾದವನ ಎಡಗೈ ಇರಬೇಕಾದ ಜಾಗದಲ್ಲಿ ಇಡಬೇಕು, ತೂತಿನಲ್ಲಿ ಸಿಕ್ಕಿಸಿ ಸಿಮೆಂಟು ಬಳಿಯಲು ಇದೇನು ಬಾಗಿಲ ಚಿಲಕವೇ ಎಂದು ಗದರಿದರು. ಚಪ್ಪಡಿ ಪೂರ್ತಿ ತೆಗೆಯಿರಿ. ನಾಲ್ಕು ಆಳು ಬೇಕಾಯಿತು. ಗಾರೆಯವನು ಕೇಳುವ ಮುಂಚೆಯೇ ಚೆಲುವರಾಜು ಹಣತೆ ಬದಿಗಿಟ್ಟು ಓಡಿಬಂದ. ಸೋಮಶೇಖರ ಬೇಡ ಎನ್ನಬೇಕೆಂದುಕೊಂಡ. ಚಪ್ಪಡಿ ಎದ್ದಿತು, ಬದಿಗೆ ಸರಿಯಿತು. ಎಲ್ಲರಿಗಿಂತ ಮೊದಲು ಚೆಲುವರಾಜು ಮೊಣಕಾಲೂರಿ ಒಳಗೆ ಬಗ್ಗಿದ, ಕೈ ಮುಗಿದುಕೊಂಡೇ.

ಒಳಗೆ ಎರಡು ವಿಭೂತಿ ಗಟ್ಟಿ, ಪುಡಿಯಾದ ಪತ್ರೆ, ಮಟ್ಟಸ ಮಣ್ಣು. ಬೇರೇನೂ ಇರಲಿಲ್ಲ. ಜನಕ್ಕೆ ಅದರಲ್ಲಿ ಆಶ್ಚರ್ಯವಿರಲಿಲ್ಲ. ಖಾಲಿ ಎಂದು ಎಲ್ಲರಿಗೂ ಗೊತ್ತಿದ್ದ ಗದ್ದುಗೆ ಖಾಲಿಯಾಗಿತ್ತು. ಚೆಲುವರಾಜು ಮಾತ್ರ ಬಹಳ ಹೊತ್ತು ಬಗ್ಗಿಯೇ ಇದ್ದ. ಒಂದು ಕೈ ಇಳಿಸಿ ಮಣ್ಣನ್ನು ಅಲ್ಲಲ್ಲಿ ಒತ್ತಿ ನೋಡಿದ. ಗಟ್ಟಿ ನೆಲ, ಒಮ್ಮೆಯೂ ಅಗೆದದ್ದಲ್ಲ. ಓಲಗ ಜೋರಾಗಿ ಊದುತ್ತಿತ್ತು. ಅವನು ತಲೆಯೆತ್ತಿ, ಪಕ್ಕದಲ್ಲಿ ನಿಂತಿದ್ದ ಸೋಮಶೇಖರನಿಗೆ ಮಾತ್ರ ಕೇಳುವಂತೆ, ಸಿಟ್ಟಿಲ್ಲದೆ ಕೇಳಿದ.

‘ಎಲ್ಲಿಗೆ ಹಾಕುದ್ರಿ ಸಾ?’

‘ಕಪಿಲೆಗೆ’ ಎಂದ ಸೋಮಶೇಖರ. ‘ನಂಜನಗೂಡು ಸೇತುವೆಯಿಂದ.’

‘ನೀರಿಗಾ?’ ಚೆಲುವರಾಜುವಿನ ಬಾಯಿ ತೆರೆದೇ ಇತ್ತು. ‘ಆವಯ್ಯ ಹಡಗಿಂದ ಬಂದ ಮ್ಯಾಲೆ ಒಂದಿನಾನೂ ಹೊಳೆ ತಾವಿಕ್ಕೆ ಹೋಯ್ತಿರ್ನಿಲ್ಲವಂತೆ ಸಾ. ದನ ಮೈ ತೊಳೆಯಾಕೂ ನಮ್ಮಜ್ಜೀನೇ ಕಳ್ಸೋದಂತೆ. ಮಳೆ ಬಂದ್ರೆ ಕೊಟ್ಟಿಗೆ ಮೂಲೇಲಿ ಮುದುರ್ಕಂಡು ಅಳೋದಂತೆ. ನನ್ನ ಮಣ್ಣಲ್ಲಿ ಇಡವ್ವ, ಮಣ್ಣಲ್ಲಿ ಇಡವ್ವ ಅಂತಲೇ ಸತ್ತಿದ್ದು ಸಾ. ನೀರಿಗಾ ಹಾಕುದ್ರಿ?’

ಸ್ವಾಮಿಗಳು ಕರಡಿಗೆಯಿಂದ ಲಿಂಗ ತೆಗೆದು ಮಂತ್ರ ಹೇಳಿ ವಿಭೂತಿ ಗಟ್ಟಿಯ ಮೇಲೆ ಇಟ್ಟರು, ಮದನ್ ಮೂರು ಕೋನದಿಂದ ಫೋಟೋ ತೆಗೆಸಿಕೊಂಡ. ಚೆಲುವರಾಜು ಎದ್ದು, ಕೈಯ ಮಣ್ಣನ್ನು ಕೊಡವದೆ, ಹಚ್ಚದ ಹಣತೆಯನ್ನು ಎತ್ತಿಕೊಂಡು ಜನರ ನಡುವೆ ದಾರಿ ಮಾಡಿಕೊಂಡು ಹೊರಟುಹೋದ. ಹಿಂತಿರುಗಿ ನೋಡಲಿಲ್ಲ. ಗಾರೆಯವನು ಸಿಮೆಂಟು ಕಲಸಿ ಕಾಯುತ್ತಿದ್ದ, ಆಳುಗಳನ್ನು ಎಣಿಸಿದ.

‘ಒಬ್ಬ ಕಮ್ಮಿ ಆದ ಸಾ. ಹೊತ್ತಾಯ್ತದೆ. ಆ ಮೂಲೆ ನೀವೇ ಹಿಡೀರಿ.’

ಸೋಮಶೇಖರ ಶಾಲು ಜಾರದ ಹಾಗೆ ಕತ್ತಿಗೆ ಸುತ್ತಿಕೊಂಡು, ಬಗ್ಗಿ, ಚೆಲುವರಾಜು ಹಿಡಿದಿದ್ದ ಮೂಲೆಯನ್ನು ಹಿಡಿದ.